ಕಡಲಿಗಿಳಿಯದ ಕಡಲ ನಕ್ಷೆಗಳು

1838ರ ಚಳಿಗಾಲ. ಫ್ರೆಂಚ್ ಲೇಖಕಿ ಜಾರ್ಜ್ ಸಾಂಡ್ ಮತ್ತು ಸಂಗೀತಗಾರ ಶೋಪಾನ್ ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ದ್ವೀಪದಲ್ಲಿ ಬಿಡಾರ ಹೂಡಿದ್ದರು. ದ್ವೀಪದ ಮುಖ್ಯ ಪಟ್ಟಣ ಪಾಲ್ಮಾದಲ್ಲಿ ಮಾಂಟೆನೆಗ್ರೊ ಮನೆತನದ ದೊಡ್ಡ ಪುಸ್ತಕ ಭಂಡಾರವಿತ್ತು. ಆ ಮನೆಯ ಪಾದ್ರಿ ಭಂಡಾರದ ಹೆಮ್ಮೆಯ ವಸ್ತುವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದ. ಹದ ಮಾಡಿದ ಚರ್ಮದ ಮೇಲೆ ಬರೆದ, ನಾನೂರು ವರ್ಷ ಹಳೆಯ ಕಡಲ ನಕ್ಷೆ ಅದು. ಸುರುಳಿಯಾಗಿಯೇ ಕಾಲ ಕಳೆದ ಚರ್ಮ ಚಪ್ಪಟೆಯಾಗಿ ನಿಲ್ಲಲಿಲ್ಲ. ಆಳೊಬ್ಬ ಅದರ ಮೂಲೆಯೊಂದಕ್ಕೆ ಭಾರವಾಗಲೆಂದು ತುಂಬಿದ ಶಾಯಿ ಕುಡಿಕೆಯನ್ನು ಇಟ್ಟ. ಚರ್ಮ ಒಮ್ಮೆಲೇ ಪುಟಿದು ಸುರುಳಿಯಾಯಿತು, ಕುಡಿಕೆಯನ್ನೂ ತನ್ನೊಳಗೆ ಎಳೆದುಕೊಂಡಿತು. ಸಾಂಡ್ ತಮ್ಮ ಮಯೋರ್ಕಾ ಪ್ರವಾಸ ಕಥನದಲ್ಲಿ ಬರೆದಿರುವ ಪ್ರಕಾರ ಪಾದ್ರಿ ಮೂರ್ಛೆ ಹೋದ. ಆಳುಗಳು ಮನೆಗೆ ಬೆಂಕಿ ಬಿದ್ದವರಂತೆ ನೀರು ತಂದು ನಕ್ಷೆಯನ್ನು ಉಜ್ಜತೊಡಗಿದರು. ಶಾಯಿಯ ಜೊತೆಗೆ ಬಣ್ಣವೂ ಒಂದಿಷ್ಟು ಕೊಚ್ಚಿಹೋಯಿತು.

ಆ ಕಲೆ ಇವತ್ತಿಗೂ ಹಾಗೇ ಇದೆ. ಬಾರ್ಸಿಲೋನಾದ ಕಡಲ ವಸ್ತುಸಂಗ್ರಹಾಲಯದಲ್ಲಿರುವ ಆ ನಕ್ಷೆಯನ್ನು 1439ರಲ್ಲಿ ಬರೆದವನು ಗಾಬ್ರಿಯೆಲ್ ದೆ ವಲ್ಸೆಕಾ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಪಕ್ಕದಲ್ಲಿ ಅವನು ಒಂದು ಸಾಲು ಟಿಪ್ಪಣಿ ಬರೆದಿದ್ದ: ಈ ದ್ವೀಪಗಳನ್ನು ಪೋರ್ಚುಗಲ್ ದೊರೆಯ ನಾವಿಕ ದಿಯೋಗೊ ಕಂಡುಹಿಡಿದನೆಂದು, ಇಂಥ ವರ್ಷದಲ್ಲೆಂದು. ಶಾಯಿ ಬಿದ್ದದ್ದು ಆ ಸಾಲಿನ ಮೇಲೆಯೇ. ನಾವಿಕನ ಪೂರ್ಣ ಹೆಸರು 'ದಿಯೋಗೊ ದೆ ಸಿಲ್ವೆಸ್' ಎಂದೋ ಬೇರೆಯೋ, ವರ್ಷ 1427 ಎಂದೋ 1432 ಎಂದೋ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ದ್ವೀಪಸಮೂಹವೊಂದನ್ನು ಕಂಡುಹಿಡಿದವನ ಹೆಸರನ್ನು ಒಂದು ಶಾಯಿ ಕುಡಿಕೆ ಮಸುಕು ಮಾಡಿಬಿಟ್ಟಿತು.

ಈ ನಕ್ಷೆ ಊರೂರು ತಿರುಗಿದ್ದೂ ಒಂದು ಕಥೆ. ಮಯೋರ್ಕಾದಲ್ಲಿ ಹುಟ್ಟಿದ ಇದನ್ನು ಮುಂದೆ ಚಿನ್ನದ ಡುಕಾಟ್ ನಾಣ್ಯಗಳನ್ನು ಎಣಿಸಿಕೊಟ್ಟು ಕೊಂಡವನು ಅಮೆರಿಗೊ ವೆಸ್ಪುಚ್ಚಿ, ಅಮೆರಿಕ ಖಂಡಕ್ಕೆ ಹೆಸರು ಬಂದದ್ದು ಯಾರಿಂದಲೋ ಅದೇ ವೆಸ್ಪುಚ್ಚಿ. ನಕ್ಷೆಯ ಬೆನ್ನಿನ ಮೇಲೆ ಆ ಖರೀದಿಯ ಬರಹವಿದೆ. ಹದಿನೆಂಟನೆಯ ಶತಮಾನದಲ್ಲಿ ಮಯೋರ್ಕಾ ಮೂಲದ ಕಾರ್ಡಿನಲ್ ಆಂತೋನಿಯೊ ದೆಸ್ಪುಯಿಗ್ ಇಟಲಿಯ ಫ್ಲಾರೆನ್ಸ್‌ನಲ್ಲಿ ಇದನ್ನು ಕೊಂಡು ಹುಟ್ಟೂರಿಗೆ ತಂದ. ಕೊಂಡವರು, ಕೊಟ್ಟವರು, ಕಾಪಾಡಿದವರು ಎಲ್ಲರೂ ಇದನ್ನು ಜತನದಿಂದ ನೋಡಿಕೊಂಡದ್ದು ಸಿರಿವಂತರ ಮನೆಯ ಒಡವೆಯೆಂದು; ಇದನ್ನು ಹಿಡಿದು ಯಾರೂ ಹಡಗು ನಡೆಸಲಿಲ್ಲ.

ಅಳಿದುಳಿದ ಹಳೆಯ ಸ್ಪ್ಯಾನಿಷ್ ಕಡಲ ನಕ್ಷೆಗಳ ಮುಂದೆ ನಿಂತವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಉಳಿದಿರುವುದು ಬಹುಪಾಲು ಕಡಲು ಕಾಣದ ನಕ್ಷೆಗಳು. ದೊರೆಗೆ, ಕಾರ್ಡಿನಲ್‌ಗೆ, ಶ್ರೀಮಂತ ವರ್ತಕನಿಗೆ ಉಡುಗೊರೆಯೆಂದು ಚಿನ್ನದ ಲೇಪ ಹಚ್ಚಿ ಬರೆದವು. ಹಡಗಿನಲ್ಲಿ ನಿಜವಾಗಿ ದುಡಿದವು ಉಪ್ಪುನೀರು, ಮೇಣದ ಬತ್ತಿಯ ತೊಟ್ಟು, ನಾವಿಕರ ಬೆವರುಗೈಗಳ ನಡುವೆ ಸವೆದುಹೋದವು. ಹಳತಾದ ಮೇಲೆ ಆ ಗಟ್ಟಿ ಚರ್ಮವನ್ನು ಕತ್ತರಿಸಿ ಲೆಕ್ಕದ ಪುಸ್ತಕಗಳಿಗೆ ರಟ್ಟು ಕಟ್ಟಿದರು. ಅರಗಾನ್ ದೊರೆ ನಾಲ್ಕನೆಯ ಪೀಟರ್ 1354ರಲ್ಲೇ ತನ್ನ ಪ್ರತಿಯೊಂದು ಯುದ್ಧ ಹಡಗಿನಲ್ಲೂ ಎರಡೆರಡು ಕಡಲ ನಕ್ಷೆ ಇರಲೇಬೇಕೆಂದು ಕಟ್ಟಾಜ್ಞೆ ಹೊರಡಿಸಿದ್ದ. ಅಂದರೆ ಬಾರ್ಸಿಲೋನಾ, ಪಾಲ್ಮಾ, ವಲೆನ್ಸಿಯಾ ಬಂದರುಗಳಲ್ಲಿ ನಕ್ಷೆ ಬರೆಯುವ ಕಸುಬು ಬಿಡುವಿಲ್ಲದೆ ನಡೆದಿರಬೇಕು. ಆ ರಾಶಿಯಲ್ಲಿ ನಮ್ಮ ಕೈಗೆ ಸಿಕ್ಕಿರುವುದು ಚೂರುಪಾರು.

ಕಸುಬು ಹೇಗಿತ್ತು ಎನ್ನುವುದನ್ನು ಮಾತ್ರ ಉಳಿದ ನಕ್ಷೆಗಳೇ ಹೇಳುತ್ತವೆ. ಕುರಿ, ಆಡು ಇಲ್ಲವೆ ಕರುವಿನ ಇಡೀ ತೊಗಲನ್ನು ಹದ ಮಾಡಿ, ಕುತ್ತಿಗೆಯ ಭಾಗವನ್ನು ಹಾಗೇ ಉಳಿಸಿಕೊಳ್ಳುತ್ತಿದ್ದರು. ಎಷ್ಟೋ ನಕ್ಷೆಗಳ ಪಶ್ಚಿಮದ ತುದಿ ನಾಲಗೆಯಂತೆ ಮುಂಚಾಚಿಕೊಂಡಿರುವುದು ಅದರಿಂದಲೇ. ಮೊದಲು ಶಾಯಿಯಿಲ್ಲದ ಮೊನೆಯಿಂದ ಗುಟ್ಟಿನ ವೃತ್ತವೊಂದನ್ನು ಗೀರಿ, ಅದರ ಮೇಲೆ ಸಮ ಅಂತರದಲ್ಲಿ ಹದಿನಾರು ಬಿಂದುಗಳನ್ನು ಗುರುತು ಹಾಕುತ್ತಿದ್ದರು. ಬಿಂದುವಿನಿಂದ ಬಿಂದುವಿಗೆ ಗೆರೆ ಎಳೆದರೆ ಗಾಳಿಯ ದಿಕ್ಕುಗಳ ಬಲೆ ಸಿದ್ಧ. ಎಂಟು ಮುಖ್ಯ ಗಾಳಿಗಳಿಗೆ ಕಪ್ಪು ಅಥವಾ ಕಂದು, ಅವುಗಳ ನಡುವಿನ ಎಂಟಕ್ಕೆ ಹಸಿರು, ಉಳಿದ ಹದಿನಾರಕ್ಕೆ ಕೆಂಪು. ರಾತ್ರಿ ಹಡಗಿನ ಮಂದ ಬೆಳಕಿನಲ್ಲೂ ಗೆರೆಯ ಬಣ್ಣ ನೋಡಿ ದಿಕ್ಕು ಹೇಳಬಹುದಿತ್ತು. ದಿಕ್ಸೂಚಿ ತೋರಿದ ದಿಕ್ಕಿಗೆ ಹೊಂದುವ ಗೆರೆ ಹಿಡಿದು, ಅಳತೆಪಟ್ಟಿಯ ಮೇಲೆ ಕೈವಾರ ಇಟ್ಟು ದೂರ ಲೆಕ್ಕ ಹಾಕಿದರೆ ಮುಂದಿನ ಬಂದರು.

ಊರುಗಳ ಹೆಸರು ಬರೆದ ಬಗೆ ಇನ್ನೂ ಸೊಗಸು. ಕರಾವಳಿಯ ಗೆರೆಗೆ ಲಂಬವಾಗಿ, ನೆಲದ ಕಡೆಗೆ, ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಹೆಸರುಗಳು ನಿಲ್ಲುತ್ತವೆ. ಕಡಲ ಭಾಗವನ್ನು ಅಕ್ಷರಗಳಿಂದ ತುಂಬಿಸುವಂತಿಲ್ಲ. ಅಲ್ಲಿ ಬಂಡೆ, ಮರಳುದಿಬ್ಬಗಳ ಚುಕ್ಕೆಗಳಿಗೇ ಜಾಗ. ನೀರು, ಆಹಾರ ಸಿಗುವ ದೊಡ್ಡ ಬಂದರಿಗೆ ಕೆಂಪು ಶಾಯಿ, ಸಣ್ಣದಕ್ಕೆ ಕಪ್ಪು. ಇಂಥ ನಕ್ಷೆಗೆ 'ಮೇಲೆ', 'ಕೆಳಗೆ' ಎಂಬುದಿಲ್ಲ. ಕರಾವಳಿ ತಿರುಗಿದ ಹಾಗೆ ಹೆಸರುಗಳೂ ತಿರುಗುತ್ತವೆ, ಓದುವ ನಾವಿಕ ಚರ್ಮವನ್ನು ತಿರುಗಿಸುತ್ತ ಹೋಗುತ್ತಾನೆ.

ಈ ಕಸುಬನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಮಯೋರ್ಕಾದ ಯಹೂದಿಗಳು. ಅವರಲ್ಲಿ ಹಿರಿಯ ಹೆಸರು ಕ್ರೆಸ್ಕೆಸ್ ಅಬ್ರಹಾಂ. 1375ರ ಸುಮಾರಿಗೆ ಸಿದ್ಧವಾದ, ಈಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ 'ಕ್ಯಾಟಲನ್ ಅಟ್ಲಾಸ್' ಅವನ ಮನೆಯಲ್ಲಿ ಹುಟ್ಟಿದ್ದೆಂದು ವಿದ್ವಾಂಸರು ನಂಬುತ್ತಾರೆ. ಮರದ ಹಲಗೆಗಳಿಗೆ ಅಂಟಿಸಿದ ಚರ್ಮದ ಆರು ಹಾಳೆಗಳಲ್ಲಿ ಅಂದಿನ ಇಡೀ ಜಗತ್ತು ಇದೆ. ದಿಕ್ಕುಗಳನ್ನು ಹೂವಿನಂತೆ ಅರಳಿಸಿ ತೋರುವ ದಿಕ್ಸೂಚಿ ಚಿತ್ರ ನಕ್ಷೆಯೊಂದರಲ್ಲಿ ಮೊದಲು ಕಾಣಿಸಿಕೊಂಡದ್ದು ಇಲ್ಲಿಯೇ. ಆಫ್ರಿಕದ ಮರುಭೂಮಿಯ ಅಂಚಿನಲ್ಲಿ ಚಿನ್ನದ ಗಟ್ಟಿ ಹಿಡಿದು ಕೂತ ಮಾಲಿಯ ದೊರೆ ಮಾನ್ಸಾ ಮೂಸಾ; ಏಷ್ಯಾದ ಹಾದಿಯಲ್ಲಿ ಒಂಟೆಗಳ ಸಾಲು; ಭಾರತದಲ್ಲಿ ದೆಹಲಿಯ ಸುಲ್ತಾನ, ತೆಂಕಣ ತೀರದಲ್ಲಿ ಕೊಲ್ಲಂನ ದೊರೆ. ಮಯೋರ್ಕಾ ಬಿಟ್ಟು ಹೊರಡದ ಒಬ್ಬ ಕುಶಲಕರ್ಮಿ, ವರ್ತಕರ ಬಾಯಿಮಾತು ಮತ್ತು ಮಾರ್ಕೊ ಪೋಲೊನ ವರದಿಯನ್ನು ನಂಬಿ, ಭಾರತವನ್ನು ಸಮುದ್ರಕ್ಕೆ ಚಾಚಿದ ಪರ್ಯಾಯದ್ವೀಪವಾಗಿಯೇ ಬರೆದ. ಯುರೋಪಿನ ಎಷ್ಟೋ ವಿದ್ವಾಂಸರು ಮುಂದಿನ ನೂರು ವರ್ಷ ಪ್ರಾಚೀನ ಭೂಗೋಳಜ್ಞ ಟಾಲೆಮಿಯ ಗ್ರಂಥ ಹಿಡಿದುಕೊಂಡು ಅದೇ ಪರ್ಯಾಯದ್ವೀಪವನ್ನು ಚಪ್ಪಟೆ ಮಾಡುತ್ತಿದ್ದರು.

1381ರ ಪತ್ರವೊಂದು ಕ್ರೆಸ್ಕೆಸ್‌ನನ್ನು ನಮ್ಮ ಹತ್ತಿರಕ್ಕೆ ತರುತ್ತದೆ. ಅರಗಾನಿನ ಯುವರಾಜ ಜೊವಾನ್ ಫ್ರಾನ್ಸಿನ ದೊರೆಗೆ ಜಗತ್ತಿನ ನಕ್ಷೆಯೊಂದನ್ನು ಕಾಣಿಕೆ ಕಳಿಸಬೇಕಿತ್ತು. ಅದನ್ನು ಬರೆದ 'ಯಹೂದಿ ಕ್ರೆಸ್ಕೆಸ್'ನನ್ನು ಹುಡುಕಿ ತನ್ನಿ, ನಕ್ಷೆಯ ವಿವರವನ್ನು ಅವನೇ ತಿಳಿಸಿಕೊಡಲಿ ಎಂದು ಯುವರಾಜ ಆಜ್ಞಾಪಿಸಿದ್ದ. ಕಾಣಿಕೆಯ ಜೊತೆ ಅದನ್ನು ಬರೆದವನ ಮಾತಿಗೂ ಅರಮನೆಯಲ್ಲಿ ಬೆಲೆಯಿತ್ತು. ಆ ಬೆಲೆ ಹತ್ತು ವರ್ಷವೂ ಬಾಳಲಿಲ್ಲ. 1387ರಲ್ಲಿ ಕ್ರೆಸ್ಕೆಸ್ ತೀರಿಕೊಂಡ. 1391ರಲ್ಲಿ ಸ್ಪೇನಿನುದ್ದಕ್ಕೂ ಯಹೂದಿಗಳ ಮೇಲೆ ನಡೆದ ಹಲ್ಲೆ ಮಯೋರ್ಕಾಕ್ಕೂ ಬಂತು. ಕೇರಿ ಲೂಟಿಯಾಯಿತು, ಬದುಕಿ ಉಳಿಯಲು ನೂರಾರು ಮಂದಿ ಮತಾಂತರವಾದರು. ಕ್ರೆಸ್ಕೆಸ್‌ನ ಮಗ ಜಾಫುದಾ ಕೂಡ ಆ ವರ್ಷ ಕ್ರೈಸ್ತನಾಗಿ 'ಜಾವುಮೆ ರಿಬೆಸ್' ಎಂಬ ಹೆಸರು ಪಡೆದ. 1399ರಲ್ಲಿ ಬಾರ್ಸಿಲೋನಾದಲ್ಲಿ ಫ್ಲಾರೆನ್ಸ್‌ನ ವರ್ತಕನೊಬ್ಬ ನಾಲ್ಕು ಜಗತ್ತಿನ ನಕ್ಷೆಗಳಿಗೆ ಗುತ್ತಿಗೆ ಕೊಟ್ಟ ಕರಾರುಪತ್ರ ಸಿಕ್ಕಿದೆ. ಅದರಲ್ಲಿ ಗೆರೆ ಹಾಕುವವನು ಈ ರಿಬೆಸ್; ಬಣ್ಣ ತುಂಬಿ ಅಲಂಕರಿಸುವವನು ಜಿನೋವಾದ ಫ್ರಾಂಚೆಸ್ಕೊ ಬೆಕ್ಕಾರಿ. ನಾಲ್ಕರಲ್ಲಿ ಒಂದೂ ಉಳಿದಿಲ್ಲ, ಕರಾರು ಮಾತ್ರ ಉಳಿದಿದೆ.

ಶಾಯಿ ಚೆಲ್ಲಿಸಿಕೊಂಡ ನಕ್ಷೆಯ ವಲ್ಸೆಕಾ ಕೂಡ ಹೀಗೆ ಮತಾಂತರಗೊಂಡ ಯಹೂದಿ ಕುಟುಂಬದವನೇ. 'ಸ್ಪ್ಯಾನಿಷ್ ಕಡಲ ನಕ್ಷೆ' ಎಂಬ ಹೆಸರಿನ ಕೆಳಗೆ ಎಂಥ ಕೈಗಳು ದುಡಿದವು ಎಂದು ನೋಡುತ್ತ ಹೋದರೆ ಇದು ಮತ್ತೆ ಮತ್ತೆ ಎದುರಾಗುತ್ತದೆ: ಸಾಮ್ರಾಜ್ಯದ ಮುದ್ರೆ ದೊರೆಯದು, ಗೆರೆ ಮಾತ್ರ ಬಹಳ ಸಲ ಅಂಚಿನಲ್ಲಿ ನಿಂತವರದು, ಹೊರಗಿನಿಂದ ಬಂದವರದು.

ಹುವಾನ್ ದೆ ಲಾ ಕೋಸಾ ಹಾಗೆ ಹೊರಗಿನವನಲ್ಲ, ಕಡಲಲ್ಲೇ ಪಳಗಿದವನು. ಅಮೆರಿಕವನ್ನು ತೋರಿಸುವ, ಈಗ ಉಳಿದಿರುವ ಎಲ್ಲಕ್ಕಿಂತ ಹಳೆಯ ನಕ್ಷೆ ಅವನದು. 1500ರಲ್ಲಿ ಪುವೆರ್ತೊ ದೆ ಸಾಂತಾ ಮರೀಯಾ ಬಂದರಿನಲ್ಲಿ ಬರೆದದ್ದೆಂದು ಅದರ ಮೇಲೇ ನಮೂದಿದೆ. ಒಂದೇ ಒಂದು ಪ್ರತಿ. ಮುನ್ನೂರು ವರ್ಷ ಅದು ಎಲ್ಲಿತ್ತೋ, 1832ರಲ್ಲಿ ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ವಾಲ್ಕನೇರ್ ಎಂಬ ವಿದ್ವಾಂಸನ ಕಣ್ಣಿಗೆ ಬಿತ್ತು. ಅದರ ಮಹತ್ವವನ್ನು ಜಗತ್ತಿಗೆ ಸಾರಿದವನು ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ವಾಲ್ಕನೇರ್ ಸತ್ತ ಮೇಲೆ 1853ರ ಹರಾಜಿನಲ್ಲಿ ಸ್ಪೇನ್ ಸರ್ಕಾರ ಅದನ್ನು ಕೊಂಡಿತು. ಈಗ ಮ್ಯಾಡ್ರಿಡ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿದೆ.

ಸುಮಾರು 1.8 ಮೀಟರ್ ಉದ್ದದ ಆ ಚರ್ಮದ ಮೇಲೆ ಹೊಸ ಖಂಡ ಕಡುಹಸಿರಾಗಿ ಹರಡಿಕೊಂಡಿದೆ. ಪಶ್ಚಿಮದ ತುದಿಯಲ್ಲಿ, ಮಧ್ಯ ಅಮೆರಿಕ ಇರಬೇಕಾದ ಕಡೆ, ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುವ ಸಂತ ಕ್ರಿಸ್ಟೋಫರನ ಚಿತ್ರ. ಅಲ್ಲಿ ಏಷ್ಯಾಕ್ಕೆ ಜಲಮಾರ್ಗ ಇದೆಯೋ ನೆಲವೇ ಇದೆಯೋ ಯಾರಿಗೂ ಗೊತ್ತಿರಲಿಲ್ಲ; ಗೊತ್ತಿಲ್ಲದ ಜಾಗವನ್ನು ಸಂತ ಮುಚ್ಚಿ ನಿಂತಿದ್ದಾನೆ. ಪೂರ್ವದ ತುದಿಯಲ್ಲಿ ಭಾರತವಿದೆ. ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ಮರಳಿ ಇನ್ನೂ ಒಂದು ವರ್ಷವಷ್ಟೆ. ಸುದ್ದಿ ಸ್ಪೇನಿಗೆ ತಲುಪಿದೆ, ಆಕಾರ ತಲುಪಿಲ್ಲ. ಪೋರ್ಚುಗಲ್ ದೊರೆ ಮ್ಯಾನುಯೆಲ್ ಕಂಡುಹಿಡಿದ ನಾಡು ಎಂದು ಅಲ್ಲಿ ಬರೆದಿದೆ, ಆದರೆ ನಮ್ಮ ಪಶ್ಚಿಮ ಕರಾವಳಿಯ ಇಳಿಜಾರು, ಕನ್ಯಾಕುಮಾರಿಯ ಚೂಪು ಯಾವುದೂ ಮೂಡಿಲ್ಲ.

ಈ ನಕ್ಷೆಯಲ್ಲಿ ಎಲ್ಲಕ್ಕಿಂತ ದಿಟ್ಟ ಗೆರೆ ಕ್ಯೂಬಾದ್ದು. 1494ರ ಜೂನ್‌ನಲ್ಲಿ ಕೊಲಂಬಸ್ ಕ್ಯೂಬಾದ ದಕ್ಷಿಣ ತೀರದಲ್ಲಿ ಸಾಗುತ್ತ, ಇದು ದ್ವೀಪವಲ್ಲ, ಏಷ್ಯಾ ಖಂಡದ ನೆಲವೇ ಎಂದು ತೀರ್ಮಾನಿಸಿದ. ತೀರ್ಮಾನಿಸಿದ್ದಷ್ಟೇ ಅಲ್ಲ, ಹಡಗಿನಲ್ಲಿದ್ದವರಿಂದೆಲ್ಲ ನೋಟರಿಯ ಮುಂದೆ ಪ್ರಮಾಣ ಮಾಡಿಸಿದ. ಮಾತು ತಪ್ಪಿದವರಿಗೆ 10,000 ಮರವೇದಿ ನಾಣ್ಯಗಳ ದಂಡ, ಜೊತೆಗೆ ನಾಲಗೆ ಕತ್ತರಿಸುವ ಶಿಕ್ಷೆ. ಪ್ರಮಾಣ ಮಾಡಿದವರ ಪಟ್ಟಿಯಲ್ಲಿ 'ಕಡಲ ನಕ್ಷೆ ಬರೆಯುವ ಗುರು' ಎಂಬ ಬಿರುದಿನೊಂದಿಗೆ ಹುವಾನ್ ದೆ ಲಾ ಕೋಸಾನ ಹೆಸರಿದೆ. ಆರು ವರ್ಷ ಕಳೆದ ಮೇಲೆ ಅದೇ ಹುವಾನ್ ದೆ ಲಾ ಕೋಸಾನ ನಕ್ಷೆಯಲ್ಲಿ ಕ್ಯೂಬಾದ ಸುತ್ತಲೂ ನೀರಿದೆ. ಬಾಯಲ್ಲಿ ಹೇಳಬಾರದೆಂದು ಪ್ರಮಾಣ ಮಾಡಿದ್ದನ್ನು ಕೈ ಬರೆಯಿತು. ನಕ್ಷೆಗಾರನ ಧರ್ಮ ಎಂಬುದೊಂದಿದ್ದರೆ ಅದು ಇಲ್ಲಿದೆ. 1510ರಲ್ಲಿ, ಈಗಿನ ಕೊಲಂಬಿಯಾದ ಕಾರ್ತಹೇನಾ ಬಳಿಯ ತುರ್ಬಾಕೊ ಎಂಬಲ್ಲಿ, ಸ್ಥಳೀಯರ ಮೇಲೆ ದಾಳಿಗೆ ಹೋದ ತಂಡದಲ್ಲಿದ್ದ ಅವನು ವಿಷದ ಬಾಣಗಳಿಗೆ ಸಿಕ್ಕಿ ಸತ್ತ.

ಅಷ್ಟರಲ್ಲಿ ಸೆವಿಲ್ ನಗರದಲ್ಲಿ ನಕ್ಷೆಗಾರಿಕೆ ಸರ್ಕಾರಿ ಕೆಲಸವಾಗಿತ್ತು. 1503ರಲ್ಲಿ ಇಸಬೆಲ್ಲಾ ರಾಣಿಯ ಕಾಲದಲ್ಲಿ 'ಕಾಸಾ ದೆ ಕಾಂತ್ರಾತಾಸಿಯೋನ್' ಎಂಬ ಕಚೇರಿ ತೆರೆಯಿತು. ಹೊಸ ಖಂಡದೊಂದಿಗಿನ ವ್ಯಾಪಾರ, ತೆರಿಗೆ, ಹಡಗು ಸಂಚಾರ ಎಲ್ಲ ಅದರ ಕೈಕೆಳಗೆ. 1508ರಲ್ಲಿ 'ಮುಖ್ಯ ನಾವಿಕ' ಎಂಬ ಹುದ್ದೆ ಸೃಷ್ಟಿಯಾಗಿ ವೆಸ್ಪುಚ್ಚಿ ಅದರಲ್ಲಿ ಮೊದಲು ಕೂತ. 'ಪಾದ್ರೋನ್ ರೆಯಾಲ್' ಎಂಬ ಮೂಲ ರಾಜನಕ್ಷೆ ಸಿದ್ಧಪಡಿಸಬೇಕೆಂಬ ಆಜ್ಞೆಯೂ ಆಗಲೇ ಹೊರಟಿತು. ಹಡಗು ನಡೆಸುವ ನಾವಿಕರು ಪರೀಕ್ಷೆ ಕಟ್ಟಿ ಪಾಸಾಗಬೇಕು. ಹೊರಡುವಾಗ ಮೂಲನಕ್ಷೆಗೆ ಹೊಂದುವ ಪ್ರತಿಯನ್ನೇ ಒಯ್ಯಬೇಕು. ಮರಳಿ ಬಂದಾಗ ಕಂಡ ಹೊಸ ದ್ವೀಪ, ಕೊಲ್ಲಿ, ಬಂಡೆಗಳ ವಿವರ ಒಪ್ಪಿಸಬೇಕು. ಅವನ್ನೆಲ್ಲ ತಾಳೆ ನೋಡಿ ಮೂಲನಕ್ಷೆಯನ್ನು ತಿದ್ದುವುದು. ಒಂದು ಖಂಡದ ಕರಾವಳಿಯನ್ನು ನೂರಾರು ನಾವಿಕರ ಕಣ್ಣಿನಿಂದ ಸೇರಿಸಿ ಕಟ್ಟುವ ಇಂಥ ಏರ್ಪಾಡನ್ನು ಯುರೋಪಿನಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಬಿಟ್ಟರೆ ಬೇರೆ ಯಾರೂ ಆಗ ನಡೆಸುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಬೀಗ ಹಾಕಿ ಕಾದ ಆ ಪಾದ್ರೋನ್ ರೆಯಾಲ್‌ನ ಒಂದು ಪ್ರತಿಯೂ ಈಗಿಲ್ಲ. ಅದನ್ನು ನೋಡಿ ಬರೆದ ಕೆಲವು ಕಾಣಿಕೆಯ ನಕ್ಷೆಗಳಿಂದಲೇ ಅದರ ರೂಪವನ್ನು ಊಹಿಸಬೇಕು.

ಮೆಗೆಲ್ಲನ್ 1519ರಲ್ಲಿ ಹೊರಟಾಗ ಅವನ ಹಡಗುಗಳಿಗೆ ನಕ್ಷೆ ಬರೆದುಕೊಟ್ಟವರಲ್ಲಿ ನೂನ್ಯೊ ಗಾರ್ಸಿಯಾ ದೆ ತೊರೇನೊ ಒಬ್ಬ. ಆ ನಕ್ಷೆಗಳು ಹಡಗಿನೊಂದಿಗೇ ಹೋದವು. 1522ರ ಸೆಪ್ಟೆಂಬರ್‌ನಲ್ಲಿ ವಿಕ್ಟೋರಿಯಾ ಎಂಬ ಒಂದೇ ಹಡಗು, ಬಳಲಿದ 18 ಯುರೋಪಿಯನ್ ನಾವಿಕರನ್ನು ಹೊತ್ತು, ಭೂಮಿಯನ್ನು ಸುತ್ತಿ ಮರಳಿತು. ಅದೇ ವರ್ಷ ತೊರೇನೊ ವಯ್ಯಾದೊಲಿದ್‌ನಲ್ಲಿ ಕೂತು ಹಿಂದೂ ಮಹಾಸಾಗರ ಮತ್ತು ಅದರಾಚೆಯ ಸಂಬಾರ ದ್ವೀಪಗಳ ನಕ್ಷೆ ಬರೆದ. ಅದು ಇಟಲಿಯ ಟ್ಯೂರಿನ್‌ನಲ್ಲಿ ಉಳಿದಿದೆ.

ಆ ಸಂಬಾರ ದ್ವೀಪಗಳು, ಅಂದರೆ ಲವಂಗ ಬೆಳೆಯುವ ಮೊಲುಕ್ಕಾ, ಯಾರ ಪಾಲು? 1494ರ ಟೊರ್ಡೆಸಿಯಾಸ್ ಒಪ್ಪಂದ ಅಟ್ಲಾಂಟಿಕ್‌ನ ನಡುವೆ ಗೆರೆ ಎಳೆದು, ಪಶ್ಚಿಮವನ್ನು ಸ್ಪೇನಿಗೆ, ಪೂರ್ವವನ್ನು ಪೋರ್ಚುಗಲ್‌ಗೆ ಹಂಚಿತ್ತು. ಭೂಮಿ ದುಂಡಗಿದೆ, ಅದೇ ಗೆರೆ ಇನ್ನೊಂದು ಮಗ್ಗುಲಲ್ಲೂ ಹಾಯಬೇಕು. ಎಲ್ಲಿ ಹಾಯುತ್ತದೆಂದು ಹೇಳಲು ರೇಖಾಂಶ ಗೊತ್ತಿರಬೇಕು, ಹಡಗಿನಲ್ಲಿ ರೇಖಾಂಶ ಅಳೆಯುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. 1524ರಲ್ಲಿ ಗಡಿಯ ಬಾದಹೋಸ್ ಮತ್ತು ಎಲ್ವಾಸ್ ಪಟ್ಟಣಗಳಲ್ಲಿ ಎರಡೂ ದೇಶದ ಪಂಡಿತರು, ನಾವಿಕರು ಕೂತು ವಾರಗಟ್ಟಲೆ ವಾದಿಸಿ ಏನೂ ಇತ್ಯರ್ಥವಾಗದೆ ಎದ್ದರು. ಅಲ್ಲಿ ಸ್ಪೇನಿನ ಕಡೆಯಲ್ಲಿದ್ದವರಲ್ಲಿ ದಿಯೋಗೊ ರಿಬೇರೊ ಒಬ್ಬ, ಹುಟ್ಟಿನಿಂದ ಪೋರ್ಚುಗೀಸ. 1523ರಲ್ಲಿ ಸೆವಿಲ್ ಕಚೇರಿ ಅವನನ್ನು ನಕ್ಷೆ ಮತ್ತು ಉಪಕರಣ ತಯಾರಿಸುವ ರಾಜ ವಿಶ್ವವಿಜ್ಞಾನಿಯಾಗಿ ನೇಮಿಸಿಕೊಂಡಿತ್ತು.

ರಿಬೇರೊನ 1529ರ ಎರಡು ಜಗತ್ತಿನ ನಕ್ಷೆಗಳು ವ್ಯಾಟಿಕನ್‌ನಲ್ಲೂ ಜರ್ಮನಿಯ ವೈಮಾರ್‌ನಲ್ಲೂ ಇವೆ. ಅವನ ಹಿರಿಮೆ ಎರಡು ಬಗೆಯದು. ಒಂದು, ಪೆಸಿಫಿಕ್ ಸಾಗರ ಎಷ್ಟು ಅಗಾಧ ಎಂಬುದನ್ನು ಅವನು ಕಾಗದದ ಲೆಕ್ಕಕ್ಕೆ ತಂದ. ಇನ್ನೊಂದು, ಯಾರೂ ನೋಡದ ಕಡೆ ಅವನು ಗೆರೆ ಎಳೆಯಲಿಲ್ಲ. ಇತರರು ಭೂಮಿಯ ದಕ್ಷಿಣ ತುದಿಗೆ ಕಲ್ಪನೆಯ ಮಹಾಖಂಡವೊಂದನ್ನು ಬರೆದು ತುಂಬಿಸುತ್ತಿದ್ದ ಶತಮಾನವದು. ರಿಬೇರೊ ಆ ಜಾಗವನ್ನು ಖಾಲಿ ಬಿಟ್ಟ. ಅಲ್ಲಿ ಬರಿ ಚರ್ಮ, ಮೇಲೊಂದು ಖಗೋಳಮಾಪಕದ ಚಿತ್ರ, ಸೂರ್ಯನ ಏರಿಳಿತದ ಪಟ್ಟಿ. ಫ್ಲಾರೆನ್ಸ್‌ನಲ್ಲಿರುವ, ಕಾರ್ಡಿನಲ್ ಸಾಲ್ವಿಯಾತಿಗೆ ಕಾಣಿಕೆಯಾಗಿ ಬಂದ 1520ರ ದಶಕದ ಸೆವಿಲ್ ನಕ್ಷೆಯಲ್ಲೂ ಇದೇ ಶಿಸ್ತು: ಅಮೆರಿಕದ ಪಶ್ಚಿಮದಲ್ಲಿ ದೊಡ್ಡ ಬಯಲು.

ಆದರೆ ರಾಜಕೀಯ ರಿಬೇರೊನನ್ನೂ ಬಿಡಲಿಲ್ಲ. ಮೊಲುಕ್ಕಾ ದ್ವೀಪಗಳು ಅವನ ನಕ್ಷೆಯಲ್ಲಿ ಸ್ಪೇನಿನ ಪಾಲಿನೊಳಗೆ ಬೀಳುತ್ತವೆ. ಇಂದಿನ ಲೆಕ್ಕದಲ್ಲಿ ಅವು ಸುಮಾರು 6 ಡಿಗ್ರಿ ಆಚೆ, ಪೋರ್ಚುಗಲ್ ಕಡೆಗೇ ಸೇರಬೇಕಿತ್ತು. ಸಂಬಳ ಕೊಡುವ ದೊರೆಗೆ ವಿರುದ್ಧವಾಗಿ ಹೋಗಲು ಅಳತೆಯ ಆಧಾರವೂ ರಿಬೇರೊನ ಬಳಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಅದೇ 1529ರಲ್ಲಿ ಸರಗೋಸಾ ಒಪ್ಪಂದವಾಗಿ, ಯುದ್ಧಗಳಿಂದ ಹಣಕ್ಕೆ ತತ್ತರಿಸಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್ ಆ ದ್ವೀಪಗಳ ಮೇಲಿನ ಹಕ್ಕನ್ನು 3,50,000 ಡುಕಾಟ್‌ಗೆ ಪೋರ್ಚುಗಲ್‌ಗೆ ಬಿಟ್ಟುಕೊಟ್ಟ. ತನ್ನದಲ್ಲದ ದ್ವೀಪಗಳಿಗೆ ಅವನು ಬೆಲೆ ಪಡೆದದ್ದು ಸೆವಿಲ್ ನಕ್ಷೆಗಳ ಬಲದಿಂದ. ರಿಬೇರೊ ಕೊನೆಗಾಲದಲ್ಲಿ ಹಡಗಿನ ತಳದ ನೀರು ಎತ್ತುವ ಲೋಹದ ಪಂಪೊಂದನ್ನು ರೂಪಿಸುವುದರಲ್ಲಿ ಮುಳುಗಿದ್ದ, 1533ರಲ್ಲಿ ತೀರಿಕೊಂಡ.

ಸೆವಿಲ್ ಕಚೇರಿಯೊಳಗಿನ ಒಂದು ಜಗಳವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದಿಯೆಗೊ ಗುತಿಯೆರೆಸ್ ಎಂಬ ನಕ್ಷೆಗಾರ ತನ್ನ ಮಕ್ಕಳೊಂದಿಗೆ ನಡೆಸುತ್ತಿದ್ದ ಮಳಿಗೆಯಿಂದಲೇ ಬಹುತೇಕ ನಾವಿಕರು ನಕ್ಷೆ ಕೊಳ್ಳುತ್ತಿದ್ದರು. ಅವನ ನಕ್ಷೆಗಳಲ್ಲಿ ಒಂದು ವಿಚಿತ್ರವಿತ್ತು: ಅಕ್ಷಾಂಶದ ಅಳತೆಪಟ್ಟಿ ಎರಡು. ಸ್ಪೇನಿನ ಕಡೆಗೆ ಒಂದು, ಅಮೆರಿಕದ ಕಡೆಗೆ ಇನ್ನೊಂದು, ಎರಡರ ನಡುವೆ ಕೆಲವು ಡಿಗ್ರಿ ವ್ಯತ್ಯಾಸ. ಪೆದ್ರೊ ದೆ ಮೆದಿನಾನಂಥ ಪಂಡಿತರು ಸಿಡಿದೆದ್ದರು. ಭೂಮಿಗೆ ಇರುವುದು ಒಂದೇ ಸಮಭಾಜಕ ವೃತ್ತ, ನಕ್ಷೆಯಲ್ಲಿ ಎರಡು ಹೇಗೆ ಬಂದವು? ಗುತಿಯೆರೆಸ್‌ಗೂ ಕಾರಣವಿತ್ತು. ದಿಕ್ಸೂಚಿಯ ಮುಳ್ಳು ಎಲ್ಲ ಕಡೆಯೂ ನಿಜವಾದ ಉತ್ತರವನ್ನು ತೋರುವುದಿಲ್ಲ. ಸಾಗರ ದಾಟುತ್ತ ಹೋದಂತೆ ಓರೆಯಾಗುತ್ತದೆ. ಮುಳ್ಳು ನಂಬಿ ನೇರ ಪಶ್ಚಿಮಕ್ಕೆ ಹೊರಟ ಹಡಗು ಕೆರಿಬಿಯನ್ ತಲುಪುವ ಹೊತ್ತಿಗೆ ನಕ್ಷೆ ಹೇಳಿದ ಅಕ್ಷಾಂಶದಲ್ಲಿ ಇರುವುದಿಲ್ಲ. ಎರಡನೆಯ ಪಟ್ಟಿ ಆ ಓರೆಯನ್ನು ಸರಿದೂಗಿಸುತ್ತಿತ್ತು. ಪಂಡಿತರು ಹೇಳಿದ್ದು ಶಾಸ್ತ್ರಕ್ಕೆ ಸರಿ, ಗುತಿಯೆರೆಸ್ ಮಾಡಿದ್ದು ಹಡಗಿಗೆ ಸರಿ. ಮುಖ್ಯ ನಾವಿಕ ಸೆಬಾಸ್ಟಿಯನ್ ಕ್ಯಾಬಟ್ ಗುತಿಯೆರೆಸ್‌ನ ಬೆನ್ನಿಗೆ ನಿಂತ, ನಾವಿಕರೂ ನಿಂತರು. ವ್ಯಾಜ್ಯ ಮೇಲಕ್ಕೆ ಹೋಗಿ, 1545ರಲ್ಲಿ ಎರಡು ಪಟ್ಟಿಯ ನಕ್ಷೆಗಳನ್ನು ನಿಷೇಧಿಸುವ ಆಜ್ಞೆ ಬಂತು. ಸಾಗರ ದಾಟಿ ಬಂದವರ ಅನುಭವಕ್ಕೆ ಆ ದಿನ ನ್ಯಾಯ ಸಿಗಲಿಲ್ಲ ಎಂದೇ ಹೇಳಬೇಕು.

ಈ ಮನೆತನದ ಹೆಸರು ಹೊತ್ತ ಒಂದು ಮುದ್ರಿತ ನಕ್ಷೆ ಈಗ ಜಗತ್ತಿನ ಅತಿ ಅಪರೂಪದ ನಕ್ಷೆಗಳ ಸಾಲಿನಲ್ಲಿದೆ. 1562ರಲ್ಲಿ ಆಂಟ್‌ವರ್ಪ್‌ನ ಹೈರೊನಿಮಸ್ ಕಾಕ್ ತಾಮ್ರದ ತಗಡಿನಲ್ಲಿ ಕೊರೆದು ಆರು ಹಾಳೆಗಳಲ್ಲಿ ಅಚ್ಚು ಹಾಕಿದ ಅಮೆರಿಕ ನಕ್ಷೆ ಅದು. 'ಕ್ಯಾಲಿಫೋರ್ನಿಯಾ' ಎಂಬ ಹೆಸರು ಮುದ್ರಿತ ನಕ್ಷೆಯಲ್ಲಿ ಮೊದಲು ಬಂದದ್ದು ಇದರಲ್ಲಿ. ತಿಳಿದಿರುವ ಪ್ರತಿಗಳು ಎರಡೇ: ಒಂದು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಇನ್ನೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ.

ಸ್ಪೇನ್ ತನ್ನ ನಕ್ಷೆಗಳನ್ನು ಅಚ್ಚು ಹಾಕಿಸಲು ಹಿಂಜರಿದದ್ದೂ ಅವು ವಿರಳವಾಗಲು ಕಾರಣ. ಶತ್ರುವಿನ ಕೈಗೆ ನಕ್ಷೆ ಸಿಕ್ಕರೆ ಬಂದರೇ ಸಿಕ್ಕಂತೆ. ಈ ಮಾತು ಎಷ್ಟು ನಿಜ ಎಂಬುದಕ್ಕೆ 1681ರ ಜುಲೈ ಸಾಕ್ಷಿ. ಇಂಗ್ಲಿಷ್ ಕಡಲ್ಗಳ್ಳ ಬಾರ್ಥೊಲೊಮ್ಯೂ ಶಾರ್ಪ್ ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ 'ರೊಸಾರಿಯೊ' ಎಂಬ ಸ್ಪ್ಯಾನಿಷ್ ಹಡಗನ್ನು ಹಿಡಿದ. ಅದರಲ್ಲಿ ನೂರಾರು ಲೋಹದ ಗಟ್ಟಿಗಳಿದ್ದವು. ತವರವೆಂದು ತಿಳಿದು ಕಳ್ಳರು ಹೆಚ್ಚುಕಡಿಮೆ ಎಲ್ಲವನ್ನೂ ಬಿಟ್ಟುಬಂದರು, ಅದು ಬೆಳ್ಳಿಯೆಂದು ತಿಳಿದದ್ದು ಆಮೇಲೆ. ಆದರೆ ಒಂದು ಪುಸ್ತಕವನ್ನು ಅವರು ಬಿಡಲಿಲ್ಲ. ಪೆಸಿಫಿಕ್ ತೀರದ ಬಂದರು, ಆಳ, ಬಂಡೆ, ಗಾಳಿಗಳನ್ನೆಲ್ಲ ನಕ್ಷೆಸಮೇತ ವಿವರಿಸುವ ಕೈಬರಹದ ಕಡಲದಾರಿ ಪುಸ್ತಕ. ಸ್ಪ್ಯಾನಿಷರು ಅದನ್ನು ನೀರಿಗೆ ಎಸೆಯಲು ಹೊರಟಿದ್ದರು. ಕೈತಪ್ಪಿದಾಗ ಅತ್ತುಬಿಟ್ಟರೆಂದು ಶಾರ್ಪ್ ಬರೆದಿದ್ದಾನೆ. ಲಂಡನ್ನಿನಲ್ಲಿ ಅದು ಇಂಗ್ಲಿಷಿಗೆ ಇಳಿಯಿತು, ವಿಲಿಯಂ ಹ್ಯಾಕ್ ಎಂಬವನು ಅದರ ಬಣ್ಣದ ಪ್ರತಿಗಳನ್ನು ಮಾಡಿದ; ಒಂದು ಪ್ರತಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ಗೆ ಹೋಯಿತು. ಸ್ಪೇನಿನ ರಾಯಭಾರಿಯ ಒತ್ತಾಯಕ್ಕೆ 1682ರಲ್ಲಿ ಶಾರ್ಪ್‌ನ ಮೇಲೆ ಕಡಲ್ಗಳ್ಳತನದ ವಿಚಾರಣೆ ನಡೆದು, ಅವನು ನಿರ್ದೋಷಿಯೆಂದು ಬಿಡುಗಡೆಯಾದ. ಆ ಪುಸ್ತಕ ಅವನ ಕುತ್ತಿಗೆ ಉಳಿಸಿತು ಎಂದೇ ಹೆಚ್ಚಿನವರು ನಂಬುತ್ತಾರೆ.

ಮುಚ್ಚಿಡುವ ಪದ್ಧತಿಗೆ ಕೊನೆ ಬಂದದ್ದು ಇನ್ನೂ ನೂರು ವರ್ಷಗಳ ಮೇಲೆ. ವಿಸೆಂತೆ ತೊಫಿನ್ಯೊ ಸ್ಪೇನಿನ ಕರಾವಳಿಯನ್ನು ಹೊಸ ಉಪಕರಣಗಳಿಂದ ಅಳೆದು 1789ರಲ್ಲಿ ಮುದ್ರಿತ ಕಡಲ ಅಟ್ಲಾಸ್ ಹೊರತಂದ. ಅದೇ ವರ್ಷ ಸ್ಪೇನಿನಿಂದ ಹೊರಟ ಮಲಸ್ಪಿನಾ ಸಮುದ್ರಯಾತ್ರೆಯ ನಕ್ಷೆಗಳ ಹೊಣೆ ಹೊತ್ತವನು ಮಯೋರ್ಕಾದ ಫೆಲಿಪೆ ಬೌಸಾ. ಮುಂದೆ ಮ್ಯಾಡ್ರಿಡ್‌ನ ಜಲಮಾಪನ ಕಚೇರಿಯ ಮುಖ್ಯಸ್ಥನಾದ ಅವನು ಉದಾರವಾದಿ ಪಕ್ಷದ ಸಂಸದನೂ ಆಗಿದ್ದ. 1823ರಲ್ಲಿ ದೊರೆಯ ನಿರಂಕುಶ ಆಳ್ವಿಕೆ ಮರಳಿದಾಗ ದೇಶ ಬಿಟ್ಟು ಓಡಬೇಕಾಯಿತು. 1834ರಲ್ಲಿ ಅವನು ಸತ್ತದ್ದು ಲಂಡನ್ನಿನಲ್ಲಿ.

ತೊಫಿನ್ಯೊಗಿಂತ ಮೊದಲೇ ಅಚ್ಚಾದ ಕೆಲವೇ ನಕ್ಷೆಗಳ ಪೈಕಿ ಎಲ್ಲಕ್ಕಿಂತ ದೂರ ನಡೆದದ್ದು ಮನಿಲಾದ್ದು. ಜೆಸುಯಿಟ್ ಪಾದ್ರಿ ಪೆದ್ರೊ ಮುರಿಯೊ ವೆಲಾರ್ದೆ ಫಿಲಿಪ್ಪೀನ್ಸ್ ದ್ವೀಪಗಳ ಜಲ ಮತ್ತು ನೆಲದ ನಕ್ಷೆಯನ್ನು ರಚಿಸಿ 1734ರಲ್ಲಿ ಹೊರತಂದ. ಒಂದು ಮೀಟರಿಗಿಂತ ಎತ್ತರದ ಆ ನಕ್ಷೆಯಲ್ಲಿ ಮೆಕ್ಸಿಕೊಗೆ ಬೆಳ್ಳಿ, ರೇಷ್ಮೆ ವ್ಯಾಪಾರಕ್ಕೆ ಹೋಗಿಬರುವ ಹಡಗುಗಳ ದಾರಿಯಿದೆ. ಎರಡು ಅಂಚುಗಳಲ್ಲಿ ಒಟ್ಟು ಹನ್ನೆರಡು ಚಿತ್ರ: ಕೋಳಿಜಗಳ, ಕುಣಿತ, ಉಳುವ ರೈತ, ಚೀನೀ ವರ್ತಕರು, ಜಪಾನೀಯರು, ಆಫ್ರಿಕನ್ನರು, ಮತ್ತು ಮನಿಲಾದ ಬೀದಿಯಲ್ಲಿ ಓಡಾಡುವ ಭಾರತದ ಕರಾವಳಿಯವರು. ಚಿತ್ರ ಬರೆದವನು ಫ್ರಾನ್ಸಿಸ್ಕೊ ಸುವಾರೆಸ್, ತಾಮ್ರದ ತಗಡುಗಳಲ್ಲಿ ಕೊರೆದವನು ನಿಕೊಲಾಸ್ ದೆ ಲಾ ಕ್ರುಸ್ ಬಗಾಯ್. ಇಬ್ಬರೂ ಫಿಲಿಪ್ಪೀನ್ಸ್‌ನವರೇ. ಬಗಾಯ್ ತನ್ನ ಹೆಸರಿನ ಜೊತೆಗೆ ತಾನು ತಗಾಲೊಗ್ ಜನಾಂಗದವನೆಂದು ನಕ್ಷೆಯ ಮೇಲೇ ಕೊರೆದಿಟ್ಟ. ದೊರೆಯ ಬಿರುದುಬಾವಲಿಗಳಿರುವ ಹಾಳೆಯಲ್ಲಿ ಆಳಿಸಿಕೊಂಡ ಜನರ ಕಸುಬುದಾರ ಹೀಗೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. ಕ್ರೆಸ್ಕೆಸ್‌ನ ಹೆಸರನ್ನು ಪತ್ರಗಳಿಂದ ಹೆಕ್ಕಬೇಕಾಯಿತು. ಬಗಾಯ್ ಆ ಕಷ್ಟ ಕೊಡಲಿಲ್ಲ.

1762ರಲ್ಲಿ ಮದರಾಸಿನಿಂದ, ಅಲ್ಲಿನ ಸಿಪಾಯಿಗಳನ್ನೂ ಕರೆದುಕೊಂಡು, ವಿಲಿಯಂ ಡ್ರೇಪರ್‌ನ ಬ್ರಿಟಿಷ್ ಪಡೆ ಹೊರಟು ಮನಿಲಾವನ್ನು ಹಿಡಿಯಿತು. ಲೂಟಿಯ ಮಾಲಿನಲ್ಲಿ ಈ ನಕ್ಷೆಯ ತಾಮ್ರದ ತಗಡುಗಳೂ ಇಂಗ್ಲೆಂಡಿಗೆ ಹೋದವು. 2014ರಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನವೊಂದರ ಪ್ರತಿ ಲಂಡನ್ನಿನ ಹರಾಜಿಗೆ ಬಂದಾಗ ಫಿಲಿಪ್ಪೀನ್ಸ್‌ನ ಉದ್ಯಮಿಯೊಬ್ಬರು 1,70,500 ಪೌಂಡ್ ಕೊಟ್ಟು ಅದನ್ನು ತಾಯ್ನಾಡಿಗೆ ಮರಳಿಸಿದರು. ಲೂಸಾನ್ ದ್ವೀಪದ ಪಶ್ಚಿಮಕ್ಕೆ ಕಡಲಲ್ಲಿ ಬಗಾಯ್ ಕೊರೆದ ಒಂದು ಸಣ್ಣ ದಿಬ್ಬದ ಹೆಸರು 'ಪನಾಕೊಟ್'. ಅದು ಈಗ ಚೀನಾ ಮತ್ತು ಫಿಲಿಪ್ಪೀನ್ಸ್ ಇಬ್ಬರೂ ತಮ್ಮದೆನ್ನುವ ಸ್ಕಾರ್‌ಬರೊ ದಿಬ್ಬ. ಚೀನಾದ ಹಕ್ಕುಸಾಧನೆಯ ವಿರುದ್ಧ ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮುಂದೆ ವಾದಿಸುವಾಗ ಫಿಲಿಪ್ಪೀನ್ಸ್ ಹಳೆಯ ನಕ್ಷೆಗಳನ್ನೂ ಮುಂದಿಟ್ಟಿತು. 2016ರ ತೀರ್ಪು ದಿಬ್ಬ ಯಾರದೆಂದು ಹೇಳಲಿಲ್ಲ, ಅದು ಆ ಮಂಡಳಿಯ ಅಧಿಕಾರಕ್ಕೆ ಹೊರಗಿತ್ತು. ಎರಡೂ ಕಡೆಯ ಮೀನುಗಾರರಿಗೆ ಅಲ್ಲಿ ತಲೆತಲಾಂತರದ ಹಕ್ಕಿದೆ, ಚೀನಾ ಫಿಲಿಪ್ಪೀನ್ಸ್‌ನವರನ್ನು ತಡೆದದ್ದು ತಪ್ಪು ಎಂದು ಹೇಳಿತು. ಚೀನಾ ಆ ತೀರ್ಪನ್ನು ಒಪ್ಪಿಲ್ಲ, ಮನಿಲಾದಲ್ಲಿ ಈ ನಕ್ಷೆಯ ಪ್ರತಿಕೃತಿಗಳು ಶಾಲೆ, ಕಚೇರಿಗಳ ಗೋಡೆ ಏರುತ್ತಲೇ ಇವೆ.